ಮಂಡಿ ಕೈಕೊಟ್ಟ ಮೇಲೆ: ಆಪರೇಷನ್ನಾ, ಬರೀ ಫಿಸಿಯೋನಾ, ಯಾರ ಹತ್ತಿರ ಹೋಗೋದು, ಹೆದರಿಕೆಗೆ ಏನು ಮಾಡೋದು?

ನಮ್ಮ ಮನೆಯ ಫ್ರಿಜ್ ಪಕ್ಕ ಒಂದು ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ತೂಗುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಬುಕ್ ಮಾಡಿದ ದಿನ, ಏಕಾದಶಿ ಎಲ್ಲ ಅದರಲ್ಲೇ. ಹೋದ ವರ್ಷ ಅದಕ್ಕೆ ಇನ್ನೆರಡು ಅಕ್ಷರ ಸೇರಿದವು. ಮಂಡಿ ನಿಜವಾಗಿ ಜಾರಿದ ದಿನ ‘ಜಾ’. ಜಾರಲಿಲ್ಲ, ಆದರೆ ಈಗ ಜಾರಿಬಿಡುತ್ತೆ ಅಂತ ಎದೆ ಝಲ್ ಅಂದ ದಿನ ‘ಹೆ’, ಅಂದರೆ ಹೆದರಿಕೆ.

ಈ ಎರಡು ಅಕ್ಷರ ಬರೆಯಲು ಹೇಳಿಕೊಟ್ಟವಳು ನನ್ನ ಫಿಸಿಯೋ. ಹಾಸನದ ಕಡೆಯ ಹುಡುಗಿ, ಮೂವತ್ತು ಕೂಡ ಆಗಿಲ್ಲ. ಮೊದಲ ದಿನ ನನಗೆ ಇದು ಸುಮ್ನೆ ಕಾಟಾಚಾರ ಅನ್ನಿಸಿತ್ತು. ಮೂರು ತಿಂಗಳಾದ ಮೇಲೆ ಗೊತ್ತಾಯಿತು, ನಾನು ತೆಗೆದುಕೊಳ್ಳಬೇಕಾಗಿದ್ದ ಎಲ್ಲ ತೀರ್ಮಾನಗಳೂ ಆ ಎರಡು ಅಕ್ಷರದಲ್ಲೇ ಇದ್ದವು. ಆಪರೇಷನ್ ಬೇಕಾ, ಕ್ಲಿನಿಕ್ ಬದಲಿಸಬೇಕಾ, ಮಂಡಿಗೆ ಕಟ್ಟುವ ಬ್ರೇಸ್ ಬಿಡಬಹುದಾ, ಎಲ್ಲವೂ. ಅದಕ್ಕೇ ಈ ಹೋಲಿಕೆಯನ್ನು ಖರ್ಚಿನಿಂದಲೋ ಮೆಷಿನ್‌ಗಳಿಂದಲೋ ಶುರು ಮಾಡದೆ ಅಲ್ಲಿಂದಲೇ ಶುರು ಮಾಡಿದ್ದೇನೆ. ನಾನು ಡಾಕ್ಟರ್ ಅಲ್ಲ. ಬಲ ಮಂಡಿಯ ಲಿಗಮೆಂಟ್ (ಮೂಳೆಗೆ ಮೂಳೆ ಹಿಡಿದಿಡುವ ನಾರು) ಹರಿದುಕೊಂಡ, ನಲವತ್ತು ದಾಟಿದ, ಶನಿವಾರ ಮಾತ್ರ ಶಟಲ್ ಆಡುತ್ತಿದ್ದ ಬ್ಯಾಂಕ್ ನೌಕರಳು. ಹಿಂದಿನ ಮೂಲೆಗೆ ಹೋದ ಶಟಲ್‌ಗೆ ಹಾರಿ, ಒಂದೇ ಕಾಲ ಮೇಲೆ ತಿರುಚಿ ಇಳಿದೆ. ಒಳಗೆ ‘ಟಕ್’ ಅಂದಿತು. ರಾತ್ರಿಯೊಳಗೆ ಮಂಡಿ ತೆಂಗಿನಕಾಯಿ ಗಾತ್ರ ಆಗಿತ್ತು.

ಮಂಡಿ ಯಾಕೆ ಜಾರುತ್ತದೆ, ಹೆದರಿಕೆ ಯಾಕೆ ಬರುತ್ತದೆ

ಮಂಡಿಯ ನಡುವೆ ಅಡ್ಡಡ್ಡ ಹೋಗುವ ಎರಡು ಲಿಗಮೆಂಟ್‌ಗಳಿವೆ. ಮುಂದಿನದನ್ನು ಎಸಿಎಲ್ ಅನ್ನುತ್ತಾರೆ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ತಿರುಗುವಾಗ ಹಿಡಿತ ತಪ್ಪದಂತೆ ನೋಡಿಕೊಳ್ಳುವುದು ಅದರ ಕೆಲಸ. ಅದು ಹರಿದರೆ ನೇರ ನಡೆಯುವಾಗ ಏನೂ ಅನ್ನಿಸದೇ ಇರಬಹುದು. ಫೋನ್ ಬಂತು ಅಂತ ತಟ್ಟನೆ ತಿರುಗಿದರೆ ಕಾಲು ಕೆಳಗಿನಿಂದ ಕಳಚಿದ ಹಾಗಾಗುತ್ತದೆ. ಕೆಲವರಿಗೆ ಲಿಗಮೆಂಟ್ ಸರಿಯಿದ್ದು, ಮಂಡಿ ಚಿಪ್ಪು ಪಕ್ಕಕ್ಕೆ ಜಾರುತ್ತದೆ. ಅದು ಬೇರೆ ತೊಂದರೆ, ಅದರ ಲೆಕ್ಕಾಚಾರವೂ ಬೇರೆ. ನಿಮ್ಮದು ಯಾವುದು ಅನ್ನುವುದು ಮೂಳೆ ಡಾಕ್ಟರ್ ಕೈಯಲ್ಲಿ ಹಿಡಿದು ಎಳೆದು ನೋಡಿದಾಗ ಬಹುಪಾಲು ಗೊತ್ತಾಗುತ್ತದೆ. ಎಂಆರ್‌ಐ ಅದನ್ನು ಖಚಿತ ಮಾಡುತ್ತದೆ, ಜೊತೆಗೆ ಮೆನಿಸ್ಕಸ್ ಎಂಬ ಗಾದಿಗೆ ಪೆಟ್ಟಾಗಿದೆಯೇ ಎಂದು ತೋರಿಸುತ್ತದೆ.

ಇನ್ನೊಂದು ವಿಷಯ ನನಗೆ ಯಾರೂ ಮೊದಲು ಹೇಳಿರಲಿಲ್ಲ. ಲಿಗಮೆಂಟ್ ಬರೀ ಹಗ್ಗ ಅಲ್ಲ. ಅದರಲ್ಲಿ ನರದ ತುದಿಗಳಿವೆ. ಕಣ್ಣು ಮುಚ್ಚಿದರೂ ಕಾಲು ಎಲ್ಲಿದೆ, ಎಷ್ಟು ಬಗ್ಗಿದೆ ಅಂತ ಮಿದುಳಿಗೆ ಸುದ್ದಿ ಕಳಿಸುವುದರಲ್ಲಿ ಅವಕ್ಕೂ ಪಾಲಿದೆ. ಹರಿದಾಗ ಆ ಸುದ್ದಿಯೂ ಅರ್ಧಂಬರ್ಧ ಆಗುತ್ತದೆ. ಜೊತೆಗೆ ಮಂಡಿಯಲ್ಲಿ ಊತ ಇದ್ದಷ್ಟು ದಿನ ದೇಹವೇ ತೊಡೆಯ ಮುಂದಿನ ಸ್ನಾಯುವಿನ ಕೆಲಸವನ್ನು ತಗ್ಗಿಸಿಬಿಡುತ್ತದೆ. ನೀವು ಎಷ್ಟು ಮನಸ್ಸು ಮಾಡಿದರೂ ಅದು ಪೂರ್ತಿ ಬಿಗಿಯಾಗುವುದಿಲ್ಲ. ಎರಡು ವಾರದಲ್ಲಿ ನನ್ನ ಬಲ ತೊಡೆ ಕರಗಿ ಪ್ಯಾಂಟ್ ಒಂದು ಕಡೆ ದೊಗಳೆಯಾಗಿತ್ತು. ಹೀಗಿರುವಾಗ ಹೆದರಿಕೆ ಬರುವುದು ಪುಕ್ಕಲುತನ ಹೇಗಾಗುತ್ತದೆ? ಆಗ ಅದು ಸರಿಯಾದ ಸುದ್ದಿಯನ್ನೇ ಕೊಡುತ್ತಿರುತ್ತದೆ. ಕಾಲು ಗಟ್ಟಿಯಾದ ಮೇಲೂ ಅದೇ ಹಳೇ ಸುದ್ದಿ ಬರುತ್ತಲೇ ಇದ್ದರೆ ಅದು ಬೇರೆ ಕಥೆ. ಈ ಎರಡನ್ನು ಬೇರೆ ಮಾಡಿ ನೋಡಲಿಕ್ಕೇ ‘ಜಾ’ ಮತ್ತು ‘ಹೆ’.

ನನ್ನ ಲೆಕ್ಕ ಹೀಗಿತ್ತು: ಮೊದಲ ತಿಂಗಳು ನಾಲ್ಕು ‘ಜಾ’, ಹೆಚ್ಚುಕಮ್ಮಿ ಎಲ್ಲ ದಿನವೂ ‘ಹೆ’. ಎರಡನೇ ತಿಂಗಳು ಒಂದು ‘ಜಾ’. ಮೂರನೇ ತಿಂಗಳು ‘ಜಾ’ ಸೊನ್ನೆ. ‘ಹೆ’ ಮಾತ್ರ ಹತ್ತೊಂಬತ್ತು ದಿನ.

ಆಪರೇಷನ್ ಮೊದಲಾ, ವ್ಯಾಯಾಮ ಮೊದಲಾ

ಎಲ್ಲರೂ ಕೇಳುವ ಮೊದಲ ಪ್ರಶ್ನೆ ಇದೇ. ಇದಕ್ಕೆ ಒಳ್ಳೆಯ ಅಧ್ಯಯನಗಳಿವೆ, ಮತ್ತು ಅವು ಒಂದಕ್ಕೊಂದು ವಿರುದ್ಧ ಹೇಳಿದ ಹಾಗೆ ಕಾಣುತ್ತವೆ. ಹಾಗಾಗಿ ಯಾವುದನ್ನು ಯಾರಿಗೆ ಅನ್ವಯಿಸಬೇಕು ಅಂತ ನೋಡಬೇಕು.

ಸ್ವೀಡನ್‌ನಲ್ಲಿ 18ರಿಂದ 35 ವರ್ಷದ 121 ಜನರನ್ನು ಎರಡು ಗುಂಪು ಮಾಡಿ ನೋಡಿದರು. ಎಲ್ಲರಿಗೂ ಎಸಿಎಲ್ ಹೊಸದಾಗಿ ಹರಿದಿತ್ತು. ಒಂದು ಗುಂಪಿಗೆ ಬೇಗ ಆಪರೇಷನ್ ಮತ್ತು ಫಿಸಿಯೋ. ಇನ್ನೊಂದಕ್ಕೆ ಮೊದಲು ಫಿಸಿಯೋ, ಮಂಡಿ ನಿಲ್ಲದಿದ್ದರೆ ಆಮೇಲೆ ಆಪರೇಷನ್. 2010ರಲ್ಲಿ ಬಂದ ಎರಡು ವರ್ಷದ ಫಲಿತಾಂಶದಲ್ಲಿ ಎರಡು ಗುಂಪಿನವರೂ ತಮ್ಮ ಮಂಡಿಗೆ ಕೊಟ್ಟ ಅಂಕ ಹೆಚ್ಚುಕಮ್ಮಿ ಒಂದೇ. ಐದು ವರ್ಷದ ಹೊತ್ತಿಗೆ ಎರಡನೇ ಗುಂಪಿನ ಸುಮಾರು ಅರ್ಧದಷ್ಟು ಜನ ಆಪರೇಷನ್ ಮಾಡಿಸಿಕೊಂಡಿದ್ದರು, ಉಳಿದರ್ಧ ಜನಕ್ಕೆ ಬೇಕಾಗಲೇ ಇಲ್ಲ.

2022ರಲ್ಲಿ ಬ್ರಿಟನ್ನಿನಿಂದ ಇನ್ನೊಂದು ಬಂತು, 316 ಜನರದ್ದು. ಇವರಿಗೆ ಗಾಯ ಹಳೆಯದಾಗಿತ್ತು, ಮಂಡಿ ಆಗಾಗ ಕೈಕೊಡುತ್ತಲೇ ಇತ್ತು. ಇವರಲ್ಲಿ ಆಪರೇಷನ್ ಮಾಡಿಸಿಕೊಂಡವರಿಗೇ ಜಾಸ್ತಿ ಲಾಭವಾಗಿತ್ತು.

ನನ್ನ ಕ್ಯಾಲೆಂಡರ್ ಭಾಷೆಯಲ್ಲಿ ಹೇಳುವುದಾದರೆ, ಗಾಯ ಹೊಸದು, ಮೆನಿಸ್ಕಸ್‌ಗೆ ದೊಡ್ಡ ಪೆಟ್ಟಿಲ್ಲ, ವಾರ ಕಳೆದಂತೆ ‘ಜಾ’ ಕಡಿಮೆಯಾಗುತ್ತಿದೆ ಅಂದರೆ ವ್ಯಾಯಾಮಕ್ಕೆ ಮೂರು ತಿಂಗಳಾದರೂ ಸರಿಯಾದ ಅವಕಾಶ ಕೊಡಬಹುದು. ಚೆನ್ನಾಗಿ ವ್ಯಾಯಾಮ ಮಾಡಿದ ಮೇಲೂ ‘ಜಾ’ ಬರುತ್ತಲೇ ಇದ್ದರೆ ಸರ್ಜನ್ ಹತ್ತಿರ ವಾಪಸ್ ಹೋಗಿ. ಪ್ರತಿ ಸಲ ಜಾರಿದಾಗಲೂ ಗಾದಿಗೆ ಪೆಟ್ಟು ಬೀಳುವ ಸಂಭವವಿದೆ. ‘ನೋಡೋಣ, ನೋಡೋಣ’ ಅಂತ ತಳ್ಳಿಕೊಂಡು ಹೋಗಬೇಡಿ. ಮಂಡಿ ಅರ್ಧ ಬಗ್ಗಿ ಸಿಕ್ಕಿಹಾಕಿಕೊಂಡು ನೇರವಾಗುತ್ತಲೇ ಇಲ್ಲ ಅಂದರಂತೂ ಮೂರು ದಿನವೂ ಕಾಯಬೇಡಿ.

ನನ್ನ ಅಣ್ಣನ ಮಗ ಕಾಲೇಜು ತಂಡದಲ್ಲಿ ಕಬಡ್ಡಿ ಆಡುತ್ತಾನೆ. ಅವನಿಗೂ ಇದೇ ಲಿಗಮೆಂಟ್ ಹೋಯಿತು. ಅವನು ಆಪರೇಷನ್ ಮಾಡಿಸಿಕೊಂಡ, ನಾನು ಮಾಡಿಸಲಿಲ್ಲ. ಇಬ್ಬರೂ ಸರಿ ಅನ್ನುತ್ತೇನೆ. ಎದುರಾಳಿ ಕಾಲು ಹಿಡಿದಾಗ ತಿರುಚಿ ಹಾರುವ ಹುಡುಗನ ಮಂಡಿಯನ್ನೂ ಲೆಡ್ಜರ್ ನೋಡುವ ನನ್ನ ಮಂಡಿಯನ್ನೂ ಒಂದೇ ತಕ್ಕಡಿಗೆ ಹಾಕಕ್ಕಾಗಲ್ಲ, ಅಲ್ವಾ? ಆದರೆ ಒಂದು ಮಾತು. ಅವನು ‘ಆಪರೇಷನ್ ಆದ್ರೆ ಭಯ ಹೋಗತ್ತೆ ಅತ್ತೆ’ ಅಂದುಕೊಂಡಿದ್ದ. ಹೋಗಲಿಲ್ಲ. ಲಿಗಮೆಂಟ್ ಹೊಸದು ಬಂತು, ಹೆದರಿಕೆ ಹಳೇದೇ ಉಳಿಯಿತು. ಆಪರೇಷನ್ ‘ಜಾ’ಗೆ ಮದ್ದು. ‘ಹೆ’ಗೆ ಬೇರೆ ಕೆಲಸ ಮಾಡಲೇಬೇಕು, ಯಾವ ದಾರಿ ಹಿಡಿದರೂ.

ಪುತ್ತೂರು ಕಟ್ಟಿನ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಬೆಂಗಳೂರಿನಲ್ಲಿ ಮಂಡಿ ಊದಿದ ದಿನ ಮನೆಗೆ ಬಂದವರಲ್ಲಿ ಒಬ್ಬರಾದರೂ ಅದನ್ನು ಹೇಳೇ ಹೇಳುತ್ತಾರೆ. ನಮ್ಮಮ್ಮನೇ ಹೇಳಿದರು. ಆ ಕಟ್ಟಿನ ಹೆಸರು ಮೂಳೆ ಮುರಿತಕ್ಕೆ ಬಂದದ್ದು. ಹರಿದ ಎಸಿಎಲ್‌ಗೆ ಬೇಕಾದದ್ದು ಅಲುಗಾಡದ ಕಟ್ಟಲ್ಲ, ಲೆಕ್ಕದಲ್ಲಿ ಅಲುಗಾಡಿಸುವುದು. ಊದಿದ ಮಂಡಿಯನ್ನು ವಾರಗಟ್ಟಲೆ ಬಿಗಿದರೆ ತೊಡೆ ಇನ್ನಷ್ಟು ಕರಗುತ್ತದೆ. ನಾನು ಅಮ್ಮನಿಗೆ ‘ಆಯ್ತಮ್ಮ, ಎಂಆರ್‌ಐ ಆಗಲಿ’ ಅಂತ ಹೇಳಿ ಜಾರಿಕೊಂಡೆ.

ಯಾರ ಹತ್ತಿರ ಹೋಗೋದು

ನಾನು ಈ ಊರಲ್ಲಿ ನಾಲ್ಕು ಥರದ ಫಿಸಿಯೋ ನೋಡಿದ್ದೇನೆ, ಒಂದು ನನಗೆ, ಉಳಿದವು ಮನೆಯವರಿಗೆ ಅಥವಾ ದುಡ್ಡು ಕಳೆದುಕೊಂಡು.

ಕಳೆದುಕೊಂಡದ್ದನ್ನೇ ಮೊದಲು ಹೇಳುತ್ತೇನೆ. ಮನೆ ಹತ್ತಿರದ ಒಂದು ಕ್ಲಿನಿಕ್. ಹೆಸರು ಬೇಡ. ಮೊದಲ ದಿನವೇ ಇಪ್ಪತ್ತು ಸಿಟ್ಟಿಂಗ್‌ನ ಪ್ಯಾಕೇಜ್ ಕಟ್ಟಿಸಿಕೊಂಡರು. ಹೋಗಿ ಮಲಗುವುದು, ಮಂಡಿಗೆ ನಾಲ್ಕು ಪ್ಯಾಡ್ ಅಂಟಿಸುವುದು, ಜುಮುಜುಮು ಕರೆಂಟ್, ಆಮೇಲೆ ಶಾಖ. ಹುಡುಗ ಪಕ್ಕದ ಪರದೆಯ ಹಿಂದೆ ಫೋನ್ ನೋಡುತ್ತಾ ಕೂತಿರುತ್ತಿದ್ದ. ಟೈಮರ್ ‘ಟಿಂಗ್’ ಅಂದರೆ ಬಂದು ಪ್ಯಾಡ್ ತೆಗೆಯುತ್ತಿದ್ದ. ಒಂಬತ್ತು ದಿನದಲ್ಲಿ ಒಂದು ಸಲವೂ ನನ್ನನ್ನು ನಿಲ್ಲಿಸಿ ನೋಡಲಿಲ್ಲ. ಮಲಗಿದವರ ಮಂಡಿ ಎಲ್ಲಾದರೂ ಜಾರುತ್ತದೆಯೇ? ಕರೆಂಟು, ಶಾಖ ನೋವಿಗೆ ಸ್ವಲ್ಪ ಹಾಯೆನಿಸಬಹುದು. ತೊಡೆ ಬೆಳೆಯಬೇಕಾದರೆ ಭಾರ ಬೇಕು.

ಅಲ್ಲಿಂದ ಕಲಿತ ಒಂದೇ ಅಳತೆಗೋಲು: ಅರ್ಧ ಗಂಟೆಯಲ್ಲಿ ನೀವು ಎಷ್ಟು ಹೊತ್ತು ಕಾಲ ಮೇಲೆ ನಿಂತಿರುತ್ತೀರಿ, ಆಗ ಯಾರಾದರೂ ನಿಮ್ಮ ಮಂಡಿಯನ್ನೇ ನೋಡುತ್ತಿರುತ್ತಾರಾ? ಕೆಳಗಿನ ಎಲ್ಲ ಆಯ್ಕೆಗಳನ್ನೂ ನಾನು ಇದರಿಂದಲೇ ಅಳೆಯುತ್ತೇನೆ. ಮೊದಲ ಒಂದೆರಡು ವಾರ ಊತ ಇಳಿಸಿ, ಮಂಡಿ ಪೂರ್ತಿ ನೇರ ಮಾಡಿ, ತೊಡೆ ಬಿಗಿಯುವುದನ್ನು ಮಲಗಿಯೇ ಕಲಿಯುತ್ತೇವೆ, ಅದು ಸರಿ. ಅದಾದ ಮೇಲೂ ಮಲಗಿಸಿಯೇ ಇಟ್ಟರೆ ಬೇರೆ ಕಡೆ ನೋಡಿ.

*ಸರ್ಕಾರಿ ಅಥವಾ ದೊಡ್ಡ ಆಸ್ಪತ್ರೆಯ ವಿಭಾಗ.* ಜಯನಗರದ ಬೈರಸಂದ್ರದಲ್ಲಿರುವ ಸಂಜಯ್ ಗಾಂಧಿ ಆಸ್ಪತ್ರೆ ಮೂಳೆ ಮತ್ತು ಅಪಘಾತದ ಚಿಕಿತ್ಸೆಗೇ ಮೀಸಲಾದ ಸರ್ಕಾರಿ ಸಂಸ್ಥೆ. ಖರ್ಚಿನ ಚಿಂತೆ ಇದ್ದವರು, ಗಾಯ ಏನೆಂದು ಮೊದಲು ಸರಿಯಾಗಿ ತಿಳಿಯಬೇಕಾದವರು ಇಂಥ ಕಡೆಯಿಂದ ಶುರು ಮಾಡಬಹುದು. ಆಪರೇಷನ್ ಆದ ಮೊದಲ ವಾರಗಳಲ್ಲಿ ಸರ್ಜನ್ ಮತ್ತು ಫಿಸಿಯೋ ಒಂದೇ ಸೂರಿನಡಿ ಇರುವುದು ದೊಡ್ಡ ಅನುಕೂಲ. ಸರತಿ, ಬೆಳಗಿನ ಹೊತ್ತೇ ಹೋಗಬೇಕಾದ ತಾಪತ್ರಯ ಇದ್ದದ್ದೇ. ವಾರಕ್ಕೊಮ್ಮೆ ಹೋಗಿ ವ್ಯಾಯಾಮ ಬರೆಸಿಕೊಂಡು ಬಂದು ಮನೆಯಲ್ಲಿ ಶಿಸ್ತಾಗಿ ಮಾಡುವ ಜನಕ್ಕೆ ಇದು ಸಾಕು. ನಾನು ಅಂಥ ಜನ ಅಲ್ಲ.

*ಬಡಾವಣೆಯ ಕ್ಲಿನಿಕ್.* ಒಳ್ಳೆಯದು ಸಿಕ್ಕರೆ ಇದಕ್ಕಿಂತ ಬೇರೆ ಬೇಡ. ಒಳಗೆ ಕಾಲಿಟ್ಟಾಗ ಏನು ಕಾಣುತ್ತದೆ ನೋಡಿ. ಹಾಸಿಗೆ, ಪರದೆ, ಮೆಷಿನ್ ಮಾತ್ರವೇ? ಮೆಟ್ಟಿಲಿನ ಡಬ್ಬ, ತೂಕ, ಥೆರಾಬ್ಯಾಂಡ್ ಅನ್ನುವ ಎಳೆಯುವ ರಬ್ಬರ್ ಪಟ್ಟಿ, ಒಂಟಿ ಕಾಲಲ್ಲಿ ನಿಲ್ಲುವ ಸ್ಪಂಜು, ನಾಲ್ಕು ಹೆಜ್ಜೆ ಓಡುವಷ್ಟು ಜಾಗ ಇದೆಯಾ? ಬಿಪಿಟಿ ಅಥವಾ ಎಂಪಿಟಿ, ಅಂದರೆ ಫಿಸಿಯೋಥೆರಪಿ ಡಿಗ್ರಿ ಓದಿದವರೇ ನಿಮ್ಮನ್ನು ನೋಡುತ್ತಾರಾ, ಅಥವಾ ಬೋರ್ಡಿನಲ್ಲಿ ಒಬ್ಬರು ಒಳಗೆ ಇನ್ನೊಬ್ಬರಾ? ನಾನು ಕೊಟ್ಟಿದ್ದು ಸಲಕ್ಕೆ 500 ರೂಪಾಯಿ, ವಾರಕ್ಕೆ ಎರಡು ಸಲ. ಏರಿಯಾದ ಮೇಲೆ ದರ ಏರುತ್ತದೆ, ಫೋನಿನಲ್ಲೇ ಕೇಳಿ. ಹೆಲ್ತ್ ಇನ್ಶೂರೆನ್ಸ್ ಇದೆಯೆಂದು ನಂಬಿ ಕೂರಬೇಡಿ. ಆಸ್ಪತ್ರೆಗೆ ದಾಖಲಾಗದೆ ಮಾಡಿಸಿದ ಫಿಸಿಯೋಗೆ ಎಷ್ಟೋ ಪಾಲಿಸಿಗಳು ದುಡ್ಡು ಕೊಡುವುದಿಲ್ಲ.

ಭಾಷೆಯನ್ನೂ ಲೆಕ್ಕಕ್ಕೆ ಹಿಡಿಯಿರಿ, ನಾಚಿಕೆ ಬೇಡ. ನೋವನ್ನು ಹತ್ತಕ್ಕೆ ಎಷ್ಟು ಅಂತ ಯಾವ ಭಾಷೆಯಲ್ಲಾದರೂ ಹೇಳಬಹುದು. ‘ಒಳಗೆ ಏನೋ ಕಳಚಿದ ಹಾಗೆ’, ‘ಕಾಲು ನಂದಲ್ಲ ಅನ್ನೋ ಹಾಗೆ’, ‘ಎದೆ ಝಲ್ ಅನ್ನತ್ತೆ’ ಇವನ್ನು ನಾನು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಹೇಳಲಾರೆ. ಹೇಳಲಾಗದ ಹೆದರಿಕೆಗೆ ಫಿಸಿಯೋ ಏನು ಮಾಡಿಯಾಳು?

*ಮನೆಗೆ ಬರುವವರು.* ಆಪರೇಷನ್ ಆದ ಮೊದಲ ಹದಿನೈದು ದಿನ, ಲಿಫ್ಟ್ ಇಲ್ಲದ ಮೂರನೇ ಮಹಡಿ, ವಯಸ್ಸಾದವರು, ಇಂಥವರಿಗೆ ಇದೇ ಸರಿ. ಟ್ರಾಫಿಕ್‌ನಲ್ಲಿ ಆಟೋದ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಕೂರುವ ಕಷ್ಟ ತಪ್ಪುತ್ತದೆ. ಇನ್ನೊಂದು ಲಾಭ, ನಿಮ್ಮ ಬಚ್ಚಲನ್ನೇ, ನಿಮ್ಮ ಮನೆಯ ಮೆಟ್ಟಿಲನ್ನೇ ಅವರು ನೋಡುತ್ತಾರೆ. ಆದರೆ ಮನೆ ಒಂದು ಬೆಚ್ಚನೆ ಗೂಡು. ಅಣ್ಣನ ಮಗನಿಗೆ ಎರಡೂವರೆ ತಿಂಗಳು ಮನೆಗೇ ಬಂದರು. ಹಾಲ್‌ನಲ್ಲಿ ಎಲ್ಲ ಸೊಗಸಾಗಿ ಮಾಡುತ್ತಿದ್ದ, ಗೇಟು ದಾಟಲು ಹೆದರುತ್ತಿದ್ದ. ಆರಂಭಕ್ಕೆ ಮನೆ, ಕೋಲು ಬಿಟ್ಟ ಮೇಲೆ ಹೊರಗೆ. ಇದು ನನ್ನ ಅಭಿಪ್ರಾಯ.

ವಿಡಿಯೋ ಕಾಲ್ ಫಿಸಿಯೋ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಡಿಪಾಯ ಗಟ್ಟಿಯಾದ ಮೇಲೆ ತಿಂಗಳಿಗೊಮ್ಮೆ ತಿದ್ದಿಸಿಕೊಳ್ಳಲು ಚೆನ್ನ. ಮಂಡಿ ಇನ್ನೂ ಜಾರುತ್ತಿರುವಾಗ ಪಕ್ಕದಲ್ಲಿ ಕೈ ಹಿಡಿಯುವವರು ಬೇಕು. ಜಿಮ್ ಟ್ರೇನರ್? ಫಿಸಿಯೋ ‘ಇನ್ನು ನೀವು ಭಾರ ಎತ್ತಬಹುದು’ ಅಂದ ಮೇಲೆ, ಅವರು ಬರೆದುಕೊಟ್ಟ ಚೀಟಿ ಹಿಡಿದು ಹೋಗಿ. ಅದಕ್ಕಿಂತ ಮೊದಲು ಬೇಡ.

ಹೆದರಿಕೆಗೆ: ಬ್ರೇಸಾ, ಏಣಿಯಾ, ಕೌನ್ಸೆಲಿಂಗಾ

ಮೂರನೇ ತಿಂಗಳ ಹತ್ತೊಂಬತ್ತು ‘ಹೆ’ ನೋಡಿ ಫಿಸಿಯೋ ಹೇಳಿದಳು, “ಮೇಡಂ, ಕಾಲು ಪಾಸಾಗಿದೆ. ತಲೆ ಇನ್ನೂ ಪರೀಕ್ಷೆ ಬರೀತಿದೆ.” ಆಮೇಲೆ ನಾನು ಏನೇನು ಮಾಡುತ್ತಿಲ್ಲ ಅಂತ ಪಟ್ಟಿ ಮಾಡಿಸಿದಳು. ಬರೆಯುತ್ತಾ ಹೋದಂತೆ ನನಗೇ ಗಾಬರಿಯಾಯಿತು. ಮೆಟ್ಟಿಲು ಒಂದೊಂದೇ ಇಳಿಯುತ್ತಿದ್ದೆ. ಬಸ್ ಬಿಟ್ಟು ಆಟೋ. ಮಳೆ ಬಂದರೆ ರಜೆ. ಗಾಂಧಿ ಬಜಾರಿಗೆ ಹೋಗಿ ಐದು ತಿಂಗಳಾಗಿತ್ತು. ಸೀರೆ ಉಡುವುದನ್ನೇ ಬಿಟ್ಟಿದ್ದೆ, ನೆರಿಗೆ ಕಾಲಿಗೆ ಸಿಕ್ಕೀತು ಅಂತ.

ಹೆದರಿ ಬಿಟ್ಟದ್ದನ್ನು ಬಿಟ್ಟೇ ಇದ್ದರೆ ಕಾಲು ಸೊರಗುತ್ತದೆ, ಸೊರಗಿದ ಕಾಲಿನಿಂದ ಹೆದರಿಕೆ ಇನ್ನಷ್ಟು ಬೆಳೆಯುತ್ತದೆ. ಈ ಸುಳಿಯನ್ನು ನೋವಿನ ತಜ್ಞರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಅಲುಗಾಡುವ ಭಯವನ್ನು ಅಳೆಯಲು 17 ಪ್ರಶ್ನೆಗಳ ಟ್ಯಾಂಪಾ ಮಾಪಕ ಇದೆ. ಎಸಿಎಲ್ ಆದವರು ಆಟಕ್ಕೆ ಮರಳಲು ಮನಸ್ಸಿನಿಂದ ತಯಾರಾಗಿದ್ದಾರಾ ಎಂದು ನೋಡಲು 2008ರಲ್ಲಿ ಬಂದ 12 ಪ್ರಶ್ನೆಗಳ ಇನ್ನೊಂದು ಮಾಪಕವಿದೆ, ಎಸಿಎಲ್-ಆರ್‌ಎಸ್‌ಐ ಅಂತ. ನಿಮ್ಮ ಫಿಸಿಯೋ ಇವುಗಳ ಹೆಸರು ಕೇಳಿದ್ದರೆ ಒಳ್ಳೆಯ ಲಕ್ಷಣ.

*ಬ್ರೇಸ್, ನೀ ಕ್ಯಾಪ್.* ಮೆಡಿಕಲ್ ಶಾಪ್‌ನ ನೀ ಕ್ಯಾಪ್ ಮಂಡಿಯನ್ನು ಹಿಡಿದು ನಿಲ್ಲಿಸುವುದಿಲ್ಲ. ಚರ್ಮಕ್ಕೆ ಒತ್ತಿಕೊಂಡು ‘ಮಂಡಿ ಇಲ್ಲಿದೆ’ ಅಂತ ನೆನಪಿಸುತ್ತದೆ, ಅಷ್ಟೇ. ಅದೂ ಸಣ್ಣ ಸಹಾಯವಲ್ಲ. ಪಕ್ಕದಲ್ಲಿ ಲೋಹದ ಪಟ್ಟಿ ಇರುವ ಬ್ರೇಸ್ ಅನ್ನು ಡಾಕ್ಟರ್ ಇಂತಿಷ್ಟು ದಿನ ಹಾಕಿ ಅಂದಿದ್ದರೆ ಹಾಕಿ. ತೊಂದರೆ ಇರುವುದು ಅವರು ಹೇಳಿದಷ್ಟು ದಿನ ಮುಗಿದ ಮೇಲೆ. ನನಗೆ ಅದು ತಾಯಿತ ಆಗಿಬಿಟ್ಟಿತ್ತು. ಒಂದು ದಿನ ಮರೆತು ಆಫೀಸಿಗೆ ಹೋದೆ. ಲಂಚ್ ತನಕ ಏನೂ ಆಗಿರಲಿಲ್ಲ. ಕೈ ಹಾಕಿ ನೋಡಿ ಇಲ್ಲ ಅಂತ ಗೊತ್ತಾದ ಮೇಲೆ ಸೀಟಿನಿಂದ ಏಳಲು ಬೆವರಿದೆ. ಗಂಟೆ ಗಂಟೆ ಕಡಿಮೆ ಮಾಡುತ್ತಾ ಬಿಡಿ. ಮೊದಲು ಮನೆಯೊಳಗೆ, ಆಮೇಲೆ ಆಫೀಸಿನೊಳಗೆ, ಕೊನೆಗೆ ರಸ್ತೆಯಲ್ಲಿ.

*ಏಣಿ.* ನನಗೆ ಫಲ ಕೊಟ್ಟದ್ದು ಇದು, ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ. ಹೆದರಿಸುವ ಕೆಲಸಗಳಿಗೆಲ್ಲ ಹತ್ತಕ್ಕೆ ಅಂಕ ಕೊಟ್ಟು, ಕಡಿಮೆಯದರಿಂದ ಮೇಲಕ್ಕೆ ಜೋಡಿಸುವುದು. ನನ್ನದು ಹೀಗಿತ್ತು. ಅಡುಗೆಮನೆಯಲ್ಲಿ ತಟ್ಟನೆ ತಿರುಗುವುದು, ಎರಡು. ಒದ್ದೆ ಬಚ್ಚಲು, ನಾಲ್ಕು. ಮೆಟ್ರೋ ಸ್ಟೇಷನ್ನಿನ ಮೆಟ್ಟಿಲನ್ನು ಕಂಬಿ ಹಿಡಿದು ಇಳಿಯುವುದು, ಐದು. ಫುಟ್‌ಪಾತಿನ ಅಲುಗಾಡುವ ಚಪ್ಪಡಿ, ಆರು. ಲಾಲ್‌ಬಾಗ್ ಬಂಡೆ ಇಳಿಯುವುದು, ಏಳು. ಬಿಎಂಟಿಸಿ ಬಸ್ಸಿನಿಂದ ಇಳಿಯುವುದು, ಒಂಬತ್ತು. ಶಟಲ್ ಕೋರ್ಟಿನ ಹಿಂದಿನ ಮೂಲೆ, ಹತ್ತು.

ನಿಯಮ ಸರಳ. ಒಂದು ಮೆಟ್ಟಿಲನ್ನು ದಿನಾ ಮಾಡು, ಅಂಕ ಎರಡಕ್ಕೋ ಮೂರಕ್ಕೋ ಇಳಿಯುವ ತನಕ. ಆಮೇಲೆ ಮುಂದಿನದು. ಮಾಡುವಾಗ ನೋವು ಹತ್ತಕ್ಕೆ ಮೂರರೊಳಗಿರಲಿ, ಮಾರನೇ ದಿನ ಊತ ಹೆಚ್ಚಿರಬಾರದು. ಹೆಚ್ಚಿದರೆ ಒಂದು ಮೆಟ್ಟಿಲು ಕೆಳಗೆ. ಈ ಎರಡನೇ ನಿಯಮ ಇಲ್ಲದೆ ‘ಧೈರ್ಯ ಮಾಡಿ, ಏನೂ ಆಗಲ್ಲ’ ಅನ್ನುವವರ ಮಾತು ಕೇಳಬೇಡಿ. ‘ಇನ್ನೊಂದು ಸಲ ಜಾರಿದ್ರೆ ಮಂಡಿ ಮುಗೀತು’ ಅಂತ ಹೆದರಿಸಿ ಕಳಿಸುವವರ ಮಾತೂ ಬೇಡ. ನನಗೆ ಒಬ್ಬರು ಡಾಕ್ಟರ್ ಹಾಗೇ ಹೇಳಿದ್ದರು. ಆ ಒಂದು ವಾಕ್ಯವನ್ನು ತಲೆಯಿಂದ ಇಳಿಸಲು ಎರಡು ತಿಂಗಳು ಹಿಡಿಯಿತು.

ಬಸ್ಸಿನ ಮೆಟ್ಟಿಲಿಗೆ ತಯಾರಿ ಕ್ಲಿನಿಕ್‌ನಲ್ಲೇ ನಡೆಯಿತು. ಹತ್ತುವುದಕ್ಕಿಂತ ಇಳಿಯುವುದು ಯಾಕೆ ಕಷ್ಟ ಗೊತ್ತಾ? ಇಳಿಯುವಾಗ ಹಿಂದೆ ಉಳಿದ ಕಾಲಿನ ತೊಡೆ ದೇಹದ ಭಾರವನ್ನು ಮೆಲ್ಲಗೆ ಕೆಳಗೆ ಬಿಡಬೇಕು. ಅದಕ್ಕೇ ನೋವಿನ ಕಾಲನ್ನು ಮೊದಲು ಕೆಳಗಿಡಿ ಅನ್ನುತ್ತಾರೆ, ಆಗ ಭಾರ ಇಳಿಸುವ ಕೆಲಸ ಒಳ್ಳೆಯ ಕಾಲಿಗೆ. ನಾನು ತಿಂಗಳಾನುಗಟ್ಟಲೆ ಬಲಗಾಲನ್ನೇ ಮೊದಲು ಇಡುತ್ತಿದ್ದೆ. ಈಗ ಎಡಗಾಲು ಮೊದಲು, ಅಂದರೆ ಪೂರ್ತಿ ಭಾರ ಬಲ ಮಂಡಿಯ ಮೇಲೆ. ನಾಲ್ಕು ಇಂಚಿನ ಡಬ್ಬ, ಆಮೇಲೆ ಆರು, ಆಮೇಲೆ ಎಂಟು. ನಾನು ಮಂಡಿಯನ್ನೇ ದಿಟ್ಟಿಸುತ್ತಿದ್ದೆ. “ಕಾಲು ನೋಡ್ಬೇಡಿ ಮೇಡಂ, ಗೋಡೆ ಮೇಲಿನ ಕ್ಯಾಲೆಂಡರ್ ನೋಡಿ. ಇವತ್ತು ಯಾವ ತಿಥಿ ಹೇಳಿ.” ತಿಥಿ ಹುಡುಕುವಷ್ಟರಲ್ಲಿ ಕಾಲು ಇಳಿದಿರುತ್ತಿತ್ತು. ಒಂದು ದಿನ ಎರಡು ಡಬ್ಬ ಪೇರಿಸಿ, ಕೈಗೊಂದು ತರಕಾರಿ ಚೀಲ ಕೊಟ್ಟು, ಹಿಂದೆ ನಿಂತು ಕಂಡಕ್ಟರ್ ಆಗಿಬಿಟ್ಟಳು. “ಬೇಗ ಇಳೀರಮ್ಮ, ಹಿಂದೆ ಜನ ಇದಾರೆ! ರೈಟ್ ರೈಟ್!” ನಗುತ್ತಾ ಇಳಿದೆ. ಪಕ್ಕದ ಹಾಸಿಗೆಯ ಅಜ್ಜ ಟಿಕೆಟ್ ಕೇಳಿದರು.

ಲಾಲ್‌ಬಾಗ್ ಬಂಡೆ ಬೆಂಗಳೂರಿನವರಿಗೆ ಪುಕ್ಕಟೆ ಸಿಕ್ಕಿರುವ ಫಿಸಿಯೋ ಸಾಮಾನು. ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದು, ಅಲುಗಾಡುವ ಚಪ್ಪಡಿಯಂತೂ ಅಲ್ಲ. ಇಳಿಜಾರು ಒಂದೊಂದು ಕಡೆ ಒಂದೊಂದು ಥರ, ನಿಮಗೆ ಬೇಕಾದಷ್ಟು ಕಡಿದಾದ ಕಡೆ ಆರಿಸಿಕೊಳ್ಳಬಹುದು. ಒಣಗಿದ ಬೆಳಗಿನಲ್ಲಿ ಹೋಗಿ. ಮಳೆ ಬಂದ ಮಾರನೇ ದಿನ ಬೇಡ, ಅಲ್ಲಿ ಒಳ್ಳೆ ಮಂಡಿಯವರೂ ಜಾರುತ್ತಾರೆ.

*ಮನಸ್ಸಿನ ವೈದ್ಯರು.* ಏಣಿ ಎಲ್ಲರಿಗೂ ಸಾಕಾಗುವುದಿಲ್ಲ. ಬಿದ್ದ ಗಳಿಗೆ ಕನಸಿನಲ್ಲಿ ಮತ್ತೆ ಮತ್ತೆ ಬರುತ್ತಿದೆ, ನಿದ್ದೆಯಿಲ್ಲ, ಗಾಡಿಯ ಹಾರ್ನ್ ಕೇಳಿದರೆ ಮೈ ನಡುಗುತ್ತದೆ, ಮನೆಯಿಂದ ಹೊರಡಲೇ ಆಗುತ್ತಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ ಅಂದರೆ ಅದು ಮಂಡಿಯ ಫಿಸಿಯೋ ಒಬ್ಬರೇ ಸುಧಾರಿಸುವ ವಿಷಯವಲ್ಲ. ಟೂ ವೀಲರ್ ಅಪಘಾತದಲ್ಲಿ ಮಂಡಿ ಹೋದವರಲ್ಲಿ ಇದನ್ನು ವಿಶೇಷವಾಗಿ ಗಮನಿಸಿ. ಹೊಸೂರು ರಸ್ತೆಯ ನಿಮ್ಹಾನ್ಸ್ ನಮ್ಮೂರಲ್ಲೇ ಇದೆ. ‘ಅಲ್ಲಿಗಾ?’ ಅಂತ ಮುಖ ಕಿವುಚುವ ಕಾಲ ಹೋಯಿತು. ಮೊದಲು ಫೋನಿನಲ್ಲಿ ಮಾತಾಡಿ ನೋಡೋಣ ಅನ್ನುವವರಿಗೆ ಟೆಲಿ ಮಾನಸ್ ಇದೆ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದುಡ್ಡಿಲ್ಲ, ಇಪ್ಪತ್ತನಾಲ್ಕು ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಫಿಸಿಯೋ ನಿಲ್ಲಿಸಿ ಇಲ್ಲಿಗೆ ಹೋಗಬೇಕು ಅಂತಲ್ಲ, ಎರಡೂ ಒಟ್ಟಿಗೆ ನಡೆಯಬಹುದು.

ಆಟಕ್ಕೆ ವಾಪಸ್ ಹೋಗುವವರಿಗೆ

ಇಲ್ಲಿ ಹೆದರಿಕೆಗಿಂತ ಅವಸರ ಅಪಾಯ. ಆಪರೇಷನ್‌ನಲ್ಲಿ ಹಾಕಿದ ಹೊಸ ನಾರು ತಿಂಗಳುಗಟ್ಟಲೆ ಬದಲಾಗುತ್ತಲೇ ಇರುತ್ತದೆ, ಲಿಗಮೆಂಟ್ ಥರ ಗಟ್ಟಿಯಾಗಲು ಸಮಯ ಬೇಕು. 2016ರ ಒಂದು ಅಧ್ಯಯನದಲ್ಲಿ, ಆಪರೇಷನ್ ಆದ ಮೇಲೆ ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆ ಮತ್ತೆ ಗಾಯವಾಗುವ ದರ ಸುಮಾರು ಅರ್ಧಕ್ಕೆ ಇಳಿಯುತ್ತಿತ್ತು. ಅಣ್ಣನ ಮಗ ಆರನೇ ತಿಂಗಳಿಗೇ ಟೂರ್ನಮೆಂಟ್ ಅಂತ ಕುಣಿಯುತ್ತಿದ್ದ. ಅವನ ಫಿಸಿಯೋ ಬೈಯಲಿಲ್ಲ, ಒಂಟಿ ಕಾಲಲ್ಲಿ ಹಾರಿಸಿ ಟೇಪ್ ಹಿಡಿದು ಅಳೆದರು. ಎರಡು ಕಾಲಿಗೂ ಒಂದು ಮೊಳದಷ್ಟು ವ್ಯತ್ಯಾಸ. ಗಾಯದ ಕಾಲು ಒಳ್ಳೆ ಕಾಲಿನ ನೂರಕ್ಕೆ ತೊಂಬತ್ತರಷ್ಟಾದರೂ ಹಾರಬೇಕು ಅನ್ನುವುದು ಸಾಮಾನ್ಯ ಲೆಕ್ಕ. ಟೇಪ್ ಸುಳ್ಳು ಹೇಳಲ್ಲ. ಹುಡುಗ ಸುಮ್ಮನಾದ. ಹಾಗೆ ಅಳೆಯದೆ ಬರೀ ತಿಂಗಳು ಎಣಿಸಿ ‘ಆಡಪ್ಪ’ ಅನ್ನುವ ಕಡೆ ಆಟಗಾರರು ಇರಬಾರದು.

ಆಪರೇಷನ್ ಆದವರು ಒಂದು ವಿಷಯ ಮರೆಯಬೇಡಿ. ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು, ಜ್ವರ ಬಂದು ಮಂಡಿ ಕೆಂಪಾಗಿ ಸುಡುವುದು, ಇವು ಆದರೆ ಫಿಸಿಯೋ ಅಪಾಯಿಂಟ್‌ಮೆಂಟಿಗೆ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಇನ್ನು ಮೊದಲ ಸಲ ಹೋಗುವಾಗ ಏನು ಒಯ್ಯಬೇಕು ಅಂತ ಆಫೀಸಿನಲ್ಲಿ ಇಬ್ಬರು ಕೇಳಿದ್ದರು. ಎಂಆರ್‌ಐ ಫಿಲ್ಮು, ಮಂಡಿ ಕಾಣುವ ಸಡಿಲ ಪ್ಯಾಂಟು, ನೀವು ದಿನಾ ಹಾಕುವ ಚಪ್ಪಲಿ. ಮತ್ತೆ ಎರಡು ವಾರದ ‘ಜಾ’, ‘ಹೆ’ ಬರೆದ ಒಂದು ಚೀಟಿ. ಆ ಚೀಟಿಯನ್ನು ಓದದೆ ಪಕ್ಕಕ್ಕಿಟ್ಟು ಪ್ಯಾಡ್ ಅಂಟಿಸಲು ಬಂದರೆ ಎದ್ದು ಬನ್ನಿ, ಪ್ಯಾಕೇಜ್ ಕಟ್ಟುವ ಮೊದಲೇ.

ನಾನು ಈಗ ವಾರಕ್ಕೆ ನಾಲ್ಕು ದಿನ ಬಸ್ಸಿನಲ್ಲೇ ಹೋಗುತ್ತೇನೆ. ಎಡಗಾಲು ಮೊದಲು ಇಡುತ್ತೇನೆ, ಎದುರಿಗೆ ಕಾಣುವ ಯಾವುದಾದರೂ ಬೋರ್ಡ್ ಓದುತ್ತಾ. ಮಳೆ ಬಂದಾಗ, ಕೈಯಲ್ಲಿ ಚೀಲ ಇದ್ದಾಗ, ಡ್ರೈವರ್ ಪೂರ್ತಿ ನಿಲ್ಲಿಸದೇ ಇದ್ದಾಗ ಬಲಗಾಲೇ ಮೊದಲು ಹೋಗುತ್ತದೆ. ಅವತ್ತು ರಾತ್ರಿ ಕ್ಯಾಲೆಂಡರ್‌ನಲ್ಲಿ ಹಾಲಿನ ಲೆಕ್ಕದ ಪಕ್ಕ ಒಂದು ಸಣ್ಣ ‘ಹೆ’ ಬರೆಯುತ್ತೇನೆ. ಕೋರ್ಟಿನ ಹಿಂದಿನ ಮೂಲೆ ಇನ್ನೂ ಆರರಲ್ಲಿದೆ.